ಹನ್ನೆರಡು ವರ್ಷ ತಡವಾದ ಉತ್ತರ

ರಾಣೆಬೆನ್ನೂರು
೧೨ ಜೂನ್ ೨೦೦೬

ಶಂಕ್ರಪ್ಪ ಮಾಸ್ತರರಿಗೆ,

ಸಮಾಧಾನಪ್ಪನ ವಂದನೆಗಳು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿಮಗೆ ಗುರುತು ಹತ್ತಿರಬೇಕು. ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದರೂ ನನ್ನ ತಕರಾರಿಲ್ಲ. ಆದರೆ ನೀವು ಓದದೆ ಇಡುವವರಲ್ಲ. ಕಡಲೆ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಡಿಸಿ ಓದುತ್ತಿದ್ದವರು.

ಸುದ್ದಿ ಮೊದಲು ಹೇಳುತ್ತೇನೆ. ಫೆಬ್ರುವರಿಯಿಂದ ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಆಮೇಲೆ ಅನ್ನವೂ ಇಳಿಯದಾಯಿತು. ಈಗ ಬರೀ ಗಂಜಿ. ಹುಬ್ಬಳ್ಳಿಯ ಡಾಕ್ಟರು ಅನ್ನನಾಳದಲ್ಲಿ ಗಡ್ಡೆ, ಬಹಳ ಮುಂದುವರಿದಿದೆ ಎಂದರು. ನನಗೆ ಎಪ್ಪತ್ಮೂರು. ಆಪರೇಷನ್ ಬೇಡವೆಂದು ನಾನೂ ಮಗಳು ಪುಷ್ಪಲತಾಳೂ ಕೂತು ಮಾತಾಡಿ ಗಟ್ಟಿ ಮಾಡಿಕೊಂಡೆವು. ದನಿಯೂ ಹೋಗಿದೆ. ನಲವತ್ತು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಚರ್ಚಿನ ಸಭೆಗಳಲ್ಲಿ ಮೈಕಿಲ್ಲದೆ ಪ್ರಸಂಗ ಮಾಡಿದ ಗಂಟಲು ಈಗ ಬೆಕ್ಕಿನಷ್ಟೂ ಕೂಗುವುದಿಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ಇನ್ನೊಂದು ಸುದ್ದಿ ನಿಮಗೊಬ್ಬರಿಗೇ. ನನಗೆ ಹೆದರಿಕೆಯಾಗುತ್ತಿದೆ, ಮಾಸ್ತರರೇ. ಮಗಳು ಶಾಲೆಗೆ, ಅಳಿಯ ಕುಮಾರಪಟ್ಟಣದ ಫ್ಯಾಕ್ಟರಿಗೆ ಹೋದ ಮೇಲೆ ಮಧ್ಯಾಹ್ನ ಮನೆ ಸುಮ್ಮನಾಗುತ್ತದೆ. ಆಗ ಎದೆಯ ಮೇಲೆ ಯಾರೋ ಬಂದು ಕೂತ ಹಾಗೆ ಅನಿಸುತ್ತದೆ. ಎಷ್ಟು ಜನರನ್ನು ಮಣ್ಣಿಗೆ ಇಳಿಸಿದ್ದೇನೆ, ಎಷ್ಟು ಸಲ ಗುಂಡಿಯ ಅಂಚಿಗೆ ನಿಂತು ಇದು ಕೊನೆಯಲ್ಲ, ಮತ್ತೆ ಏಳುತ್ತೇವೆ, ಮತ್ತೆ ಕೂಡುತ್ತೇವೆ ಎಂದಿದ್ದೇನೆ. ಸುಳ್ಳು ಹೇಳಲಿಲ್ಲ, ನಂಬಿಯೇ ಹೇಳಿದೆ. ಈಗಲೂ ನಂಬುತ್ತೇನೆ. ಆದರೂ ಕೈ ತಣ್ಣಗಾಗುತ್ತದೆ. ಇದನ್ನು ಸಭೆಯವರ ಮುಂದೆ ಹೇಳಲಾರೆ. ಅವರು ನನ್ನನ್ನು ನೋಡಿ ಧೈರ್ಯ ತಂದುಕೊಳ್ಳಲು ಬರುತ್ತಾರೆ.

ಬ್ಯಾಡಗಿಯ ಹೊಳಿಯವ್ವ ನೆನಪಾಗುತ್ತಾಳೆ. ಜನ್ಮವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಎದೆ ಹಾಳಾಗಿತ್ತು ಆಕೆಗೆ. ತೀರಿಕೊಳ್ಳುವ ದಿನ ನನ್ನನ್ನು ಕರೆಸಿ, "ಅಯ್ಯನೋರ, ಅಲ್ಲಿ ಮೆಣಸಿನಕಾಯಿ ಘಾಟು ಇರಾಂಗಿಲ್ಲಲ್ರಿ?" ಎಂದಳು. ಇಲ್ಲವ್ವ ಎಂದೆ. "ಮತ್ತ ಇನ್ನೇನ ಬೇಕ್ರಿ" ಎಂದು ಮಗ್ಗಲು ಬದಲಿಸಿದಳು, ಅಷ್ಟೇ. ಅಂಥ ಧೈರ್ಯ ನನಗೆ ಬರುತ್ತಿಲ್ಲ. ಯಾಕೆಂದು ಹುಡುಕುತ್ತಾ ಹೋದರೆ ಪ್ರತಿಸಲವೂ ನಿಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತೇನೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಕೈಯಿಂದ ಒಮ್ಮೆ ಬರಲಿ. ೧೯೯೪ರ ಶ್ರಾವಣ. ನಿಮ್ಮ ಮನೆಯವರು ನೀಲಗಂಗವ್ವನವರನ್ನು ನಿಮ್ಮ ಹೊಲದಲ್ಲಿ ಮಣ್ಣು ಮಾಡಿ ಜನ ಕೈಕಾಲು ತೊಳೆಯಲು ಹೋದಾಗ ನೀವು ನನ್ನ ತೋಳು ಹಿಡಿದಿರಿ.

"ಸಮಾಧಾನಿ, ನಮ್ಮ ಸ್ವಾಮಿಗಳು ಲಿಂಗದಾಗ ಐಕ್ಯ ಆದ್ಲು ಅಂದ್ರು. ದೊಡ್ಡ ಮಾತು ಅದು. ನನಗ ಅಷ್ಟು ದೊಡ್ಡದು ತಿಳಿಯಾಂಗಿಲ್ಲ. ನನಗ ಆಕಿ ಬೇಕು. ಆ ಕುಂಟ ಕಾಲು, ಆ ಬೈಗುಳ, ಎಲ್ಲಾ ಕೂಡಿದ್ರ ಆಕಿ. ನಿಮ್ಮಾಗ ಮತ್ತ ಮುಖಾ ನೋಡ್ತೇವಿ ಅಂತೀರಲ್ಲ, ನಾ ಆಕಿ ಮುಖಾ ಮತ್ತ ನೋಡ್ತೇನೇನು? ಹೂಂ ಅನ್ನು, ಇಲ್ಲಾ ಉಹೂಂ ಅನ್ನು."

ನಾನು ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ. ನೆಲ ನೋಡುತ್ತ ನಿಂತೆ. ನೀವು ತೋಳು ಬಿಟ್ಟಿರಿ. ಮೂವತ್ತು ವರ್ಷದ ಗೆಳೆತನ ಅಲ್ಲೇ ನಿಂತಿತು.

ತಪ್ಪು ನನ್ನದು. ಕ್ಷಮಿಸಿ ಎಂದು ಕೇಳಲು ಇಷ್ಟೆಲ್ಲ ಬರೆದೆ.

ಇಂತಿ,
ಸಮಾಧಾನಪ್ಪ


ಹೊಸರಿತ್ತಿ
೨೪ ಜೂನ್ ೨೦೦೬

ಸಮಾಧಾನಪ್ಪನವರಿಗೆ,

ನಿಮ್ಮ ಕಾಗದ ಮುಟ್ಟಿತು. ಪ್ರಕೃತಿಯ ವಿಷಯ ಓದಿ ವಿಷಾದವಾಯಿತು.

ಗಂಜಿ ಯಾವುದರದು ಎಂದು ಬರೆದಿಲ್ಲ. ಬರೀ ಅಕ್ಕಿಯದಾದರೆ ಶಕ್ತಿ ನಿಲ್ಲುವುದಿಲ್ಲ. ನವಣಕ್ಕಿ ನೆನೆಸಿ ಅರೆದು ಹಾಲು ತೆಗೆದು, ಅದನ್ನು ಕಾಯಿಸಿ ಕುಡಿಯಬೇಕು. ನಮ್ಮ ಹೊಲದ್ದು ಎರಡು ಸೇರು ಕಟ್ಟಿ, ಹಾವೇರಿ ಬಸ್‌ಸ್ಟ್ಯಾಂಡಿನ ಎದುರು ಹಣ್ಣಿನ ಅಂಗಡಿಯ ಫಕ್ಕೀರಸಾಬನ ಹತ್ತಿರ ಇಟ್ಟಿದ್ದೇನೆ. ಅಳಿಯಂದಿರು ಆ ಕಡೆ ಬಂದಾಗ ಒಯ್ಯಲಿ. ಮೊದಲ ದಿನ ಸ್ವಲ್ಪವೇ ಕುಡಿಯಿರಿ.

ಕಾಗದದ ಉಳಿದ ಭಾಗಕ್ಕೆ ಒಂದೇ ಮಾತು. ಆವತ್ತು ಸುಮ್ಮನೆ ನಿಂತೆ ಎಂದು ಬರೆದಿರಿ, ತಪ್ಪು ಎಂದಿರಿ, ಕ್ಷಮೆ ಕೇಳಿದಿರಿ. ಮೂವತ್ತಾರು ವರ್ಷ ಮಕ್ಕಳ ಪೇಪರು ತಿದ್ದಿದವನು ನಾನು. ಪ್ರಶ್ನೆಯನ್ನು ನೀಟಾಗಿ ಬರೆದು ಕೆಳಗೆ ಕ್ಷಮೆ ಕೇಳಿದರೆ ಅದು ಉತ್ತರವಾಗುವುದಿಲ್ಲ.

ನಾನು ಕೇಳಿದ್ದು ಹಾಗೇ ಇದೆ.

ಶಂಕ್ರಪ್ಪ


ರಾಣೆಬೆನ್ನೂರು
೧೧ ಜುಲೈ ೨೦೦೬

ಮಾಸ್ತರರಿಗೆ,

ನವಣಕ್ಕಿಯ ಹಾಲು ಇಳಿಯಿತು. ಮೂರು ವಾರದ ಮೇಲೆ ಹೊಟ್ಟೆ ತುಂಬಿತು ಅನಿಸಿದ್ದು ಆವತ್ತೇ. ಪುಷ್ಪಾ ಲೋಟ ತೊಳೆಯುತ್ತಾ ಅತ್ತಳು. ನಿಮಗೆ ಇಬ್ಬರದೂ ಉಪಕಾರ ಸ್ಮರಣೆ.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ದಿನಾ ಬರೆಯಲು ಕೂತು ದಿನಾ ಎದ್ದಿದ್ದೇನೆ. ಇನ್ನು ಹೇಳಿಬಿಡುತ್ತೇನೆ.

ಆವತ್ತು ನಾನು ಸುಮ್ಮನಿದ್ದದ್ದು ಶಾಸ್ತ್ರಕ್ಕೆ ಹೆದರಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಖರೆ ಅಲ್ಲ. ನಮ್ಮ ಸಭೆಯ ಹಿರಿಯರೊಬ್ಬರು ನನ್ನ ಜೊತೆ ಮಣ್ಣಿಗೆ ಬಂದಿದ್ದರು, ನಿಮಗೆ ನೆನಪಿರಬೇಕು, ಬಿಳಿ ಟೊಪ್ಪಿಗೆಯವರು. ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ದೀಕ್ಷಾಸ್ನಾನ ಇಲ್ಲದವಳ ಬಗ್ಗೆ ನಾನು ಏನು ಹೇಳುತ್ತೇನೋ ಎಂದು ಕಿವಿಗೊಟ್ಟಿದ್ದರು. ಮುಂದಿನ ಕಮಿಟಿಯಲ್ಲಿ ಅವರು ಏನು ಅಂದಾರು ಎಂದು ಯೋಚಿಸಿದೆ. ಹೆಂಡತಿಯನ್ನು ಆಗಷ್ಟೇ ಮಣ್ಣಿಗಿಟ್ಟ ಗೆಳೆಯ ತೋಳು ಹಿಡಿದುಕೊಂಡಿದ್ದಾನೆ, ನಾನು ಕಮಿಟಿಯನ್ನು ನೆನೆಯುತ್ತಿದ್ದೇನೆ. ಆ ಹಿರಿಯರು ಈಗಿಲ್ಲ. ಒಳ್ಳೆಯ ಮನುಷ್ಯ. ಅವರೇನೂ ಅಂದಿರಲಿಲ್ಲ. ಅಂಜಿದವನು ನಾನು.

ನಾನು ನಂಬಿದ ಸ್ವಾಮಿ ಗೆಳೆಯನ ಸಮಾಧಿಯ ಹತ್ತಿರ ಹೋದಾಗ ಮೊದಲು ಅತ್ತನು. ಸತ್ತವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಮೊದಲು ಅತ್ತನು. ನಾನು ಅದನ್ನೂ ಮಾಡಲಿಲ್ಲ.

ಈಗ ಉತ್ತರ. ನಾನು ಬಾಗಿಲು ಕಾಯುವವನೆಂದು ತಿಳಿದಿದ್ದೆ. ಬಾಗಿಲು ನನ್ನದಲ್ಲ. ಶಿಲುಬೆಯ ಮೇಲೆ ಆ ಸ್ವಾಮಿಯ ಪಕ್ಕದಲ್ಲಿ ತೂಗುತ್ತಿದ್ದ ಕಳ್ಳನೊಬ್ಬ ನನ್ನನ್ನು ನೆನೆಸಿಕೋ ಎಂದಷ್ಟೇ ಕೇಳಿದ. ಅವನಿಗೆ ಸ್ನಾನವಿಲ್ಲ, ಸಭೆಯಿಲ್ಲ, ಒಂದು ಒಳ್ಳೆಯ ಕೆಲಸವೂ ಇಲ್ಲ. ಈ ದಿನವೇ ನನ್ನ ಸಂಗಡ ಇರುತ್ತೀ ಎಂಬ ಮಾತು ಅವನಿಗೆ ಸಿಕ್ಕಿತು. ಹಸಿದವನಿಗೆ ಉಣ್ಣಿಸಿದ್ದು ನನಗೇ ಉಣ್ಣಿಸಿದ ಹಾಗೆ ಎಂದವನೂ ಆ ಸ್ವಾಮಿಯೇ. ವರದಾ ನದಿಗೆ ನೆರೆ ಬಂದು ನಾನು ನಿಮ್ಮೂರಲ್ಲಿ ಸಿಕ್ಕಿಬಿದ್ದ ಆ ಮೊದಲನೇ ಸಲ, ಹೆಸರು ಗೊತ್ತಿಲ್ಲದ ಪಾದ್ರಿಯೊಬ್ಬನನ್ನು ಪಡಸಾಲೆಯಲ್ಲಿ ಕೂಡಿಸಿ ಮೂರು ದಿನ ರೊಟ್ಟಿ ಬಡಿದು ಹಾಕಿದವಳು ನೀಲಗಂಗವ್ವ. "ಮಳಿ ನಿಲ್ಲೂ ತನಕಾ ನೀವು ನಮ್ಮ ಮನಿಯವ್ರು, ಸುಮ್ಮ ಉಣ್ರಿ" ಎಂದು ಬೈದು ಬಡಿಸಿದಳು. ಅದನ್ನು ಅವನು ಮರೆತಾನೆಂದು ನಾನು ನಂಬಲಾರೆ.

ಖಾತ್ರಿಯಿಂದ ಹೇಳು ಎಂದರೆ ಬೇರೊಬ್ಬರ ವಿಷಯದಲ್ಲಿ ಹೇಳುವ ಅಧಿಕಾರ ನನಗಿಲ್ಲ. ಆದರೆ ನನ್ನ ವಿಷಯದಲ್ಲಿ ನನಗಿರುವುದೂ ನಂಬಿಕೆಯೇ. ಅದು ನನ್ನ ಯೋಗ್ಯತೆಯಿಂದ ಬಂದದ್ದಲ್ಲ, ಪೂರ್ತಿ ಅವನ ಕರುಣೆ. ಆ ಕರುಣೆ ಅಂಜುಬುರುಕ ಸಮಾಧಾನಪ್ಪನಿಗೆ ಸಾಕಾಗುವುದಾದರೆ, ನೀಲಗಂಗವ್ವನಿಗೆ ಯಾಕೆ ಕಡಿಮೆ ಬಿದ್ದೀತು? ನನಗಾಗಿ ಏನನ್ನು ಆಶಿಸುತ್ತೇನೋ ಅದನ್ನೇ, ಅಷ್ಟೇ ಗಟ್ಟಿಯಾಗಿ, ಆಕೆಗಾಗಿಯೂ ಆಶಿಸುತ್ತೇನೆ.

ಹೂಂ, ಶಂಕ್ರಪ್ಪ. ನನ್ನ ಉತ್ತರ ಹೂಂ.

ಸಮಾಧಾನಪ್ಪ


ಹೊಸರಿತ್ತಿ
೩ ಆಗಸ್ಟ್ ೨೦೦೬

ಸಮಾಧಾನಿ,

ನೀವು ಗೀವು ಸಾಕು. ಇಪ್ಪತ್ತು ದಿನ ಕಾಗದ ಅಂಗಿಯ ಕಿಸೆಯಲ್ಲೇ ಇತ್ತು. ಸೊಸೆ ಅಂಗಿ ಒಗೆಯಲು ಕೇಳಿದರೆ ಕೊಡಲಿಲ್ಲ.

ನಿನ್ನೆ ಹೊಲಕ್ಕೆ ಹೋಗಿ ನೀಲಾನ ಸಮಾಧಿಯ ಹತ್ತಿರ ಕೂತು ಗಟ್ಟಿಯಾಗಿ ಓದಿದೆ. ಹಾದಿಯಲ್ಲಿ ಹೋಗುತ್ತಿದ್ದ ಲಕ್ಷ್ಮಪ್ಪ ಬಂಡಿ ನಿಲ್ಲಿಸಿ, "ಯಾರ ಕೂಡ ಮಾತಾಡಾಕತ್ತೀರಿ ಮಾಸ್ತರ?" ಎಂದ. "ನಿಮ್ಮ ಅಕ್ಕೋರಿಗೆ ಪತ್ರ ಬಂದೈತೋ, ಓದಿ ಹೇಳಾಕತ್ತೇನಿ" ಎಂದೆ. ಅವನು ಟೊಪ್ಪಿಗೆ ತೆಗೆದು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಹುಚ್ಚು ಎಂದುಕೊಂಡಿರಬೇಕು. ಇರಲಿ.

ನೀನು ಕಮಿಟಿಗೆ ಅಂಜಿದ್ದು ಬರೆದೆಯಲ್ಲ, ಅದು ನನಗೆ ಹೂಂ ಎಂಬುದಕ್ಕಿಂತ ಹೆಚ್ಚಾಯಿತು. ನಮ್ಮ ನೀಲಾ ನಿಮ್ಮ ಲೆಕ್ಕದಲ್ಲಿ ಸೇರದವಳು ಎಂದು ನಿನ್ನ ಮನಸ್ಸಿನಲ್ಲಿದೆ ಎಂದೇ ನಾನು ಹನ್ನೆರಡು ವರ್ಷ ಉರಿದೆ. ನಿನ್ನ ಮನಸ್ಸಿನಲ್ಲಿ ಇದ್ದದ್ದು ಬರೀ ಅಂಜಿಕೆ. ಅದು ಯಾರಿಗಿಲ್ಲ?

ನನ್ನದೂ ಒಂದು ಹೇಳುತ್ತೇನೆ. ಐದು ವರ್ಷದ ಹಿಂದೆ ನಿನ್ನ ಹೆಂಡತಿ ಸುಗುಣಮ್ಮ ತೀರಿಕೊಂಡಾಗ ನಾನು ಬಂದಿದ್ದೆ. ನಿಮ್ಮ ಸ್ಮಶಾನದ ಗೋಡೆಯ ಹೊರಗೆ ನಿಂತು ನಿನ್ನ ಪ್ರಾರ್ಥನೆ ಪೂರ್ತಿ ಕೇಳಿದೆ. ನಡುವೆ ನಿನ್ನ ದನಿ ಒಡೆಯಿತು, ಜನ ಗಾಬರಿಯಾದರು, ಆಮೇಲೆ ನೀನೇ ಸುಧಾರಿಸಿಕೊಂಡು ಮುಂದುವರಿಸಿದೆ. ಒಳಗೆ ಬಂದು ಹೆಗಲ ಮೇಲೆ ಕೈ ಇಡಬಹುದಿತ್ತು. ಇಡಲಿಲ್ಲ, ಸೊಕ್ಕು. ನನ್ನ ನೀಲಾಗೆ ಇಲ್ಲದ ಮಾತು ನಿನ್ನ ಸುಗುಣಮ್ಮನಿಗೆ ಮಾತ್ರ ಇದೆಯೋ ಎಂದು ಬಸ್ಸು ಹತ್ತಿದೆ. ನೀನೊಬ್ಬನೇ ಕ್ಷಮೆ ಕೇಳಬೇಕಾದವನಲ್ಲ.

ಬಿತ್ತನೆ ಮುಗಿದಿದೆ. ಮುಂದಿನ ವಾರ ಬರುತ್ತೇನೆ.

ನಿನ್ನ,
ಶಂಕ್ರ್ಯಾ


ರಾಣೆಬೆನ್ನೂರು
೧೮ ಸೆಪ್ಟೆಂಬರ್ ೨೦೦೬

ಪ್ರಿಯ ಶಂಕ್ರ್ಯಾ,

ಅಕ್ಷರ ಸೊಟ್ಟಗೆ ಬಿದ್ದಿದೆ, ನೋಡಿ ನಗಬೇಡ. ನೀನು ಬಂದು ಹೋಗಿ ತಿಂಗಳಾಯಿತು. ಹೊರಡುವಾಗ ನಾನು ಹೇಳಿದ್ದು ನಿನಗೆ ಕೇಳಿಸಲಿಲ್ಲ. ನನ್ನ ಗಂಟಲು ಹಾಗೆ, ನಿನ್ನ ಕಿವಿ ಹಾಗೆ. ಆಟೋದವನು ಬೇರೆ ಹಾರ್ನು ಬಾರಿಸುತ್ತಿದ್ದ. ಬರೆದೇ ಹೇಳುತ್ತೇನೆ, ಮನೆಯಲ್ಲಿ ಕೂತು ಓದಿಕೋ.

ನೀನು ಬಂದ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ. ನೀನು ನನ್ನ ಹಾಸಿಗೆಯ ಮೇಲೆ ಕೂತು ನನ್ನ ಬೆನ್ನು ಒತ್ತುತ್ತಾ ಇದ್ದೆ. ನನಗೆ ಆ ಹೊತ್ತಿನ ಹೆದರಿಕೆ ಬಂತು. ನಿನ್ನ ಕಿವಿಯ ಹತ್ತಿರ ಬಾಯಿ ತಂದು, "ಶಂಕ್ರ್ಯಾ, ಅಂಜಿಕಿ ಬರ್ತೈತಿ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಅಂಜಬೇಡ ಎನ್ನುತ್ತಿದ್ದರು. ನೀನು ನನ್ನ ಕೈ ಹಿಡಿದು, "ಬರ್ತೈತಿ, ಬರಲಾರದ ಹ್ಯಾಂಗಿದ್ದೀತು" ಎಂದೆ. ಆಮೇಲೆ ಕನ್ನಡಕ ಒರೆಸಿಕೊಂಡು ಮೇಜಿನ ಮೇಲಿದ್ದ ನನ್ನ ಹಳೆಯ ಆರಾಧನೆಯ ಪುಸ್ತಕ ತೆಗೆದೆ.

"ಮಣ್ಣಿನ ಮುಂದ ನೀ ಓದೂದು ಎಲ್ಲೈತಿ ತೋರಿಸು."

ತೋರಿಸಿದೆ.

"ನಲವತ್ತು ವರ್ಷ ಎಲ್ಲಾರಿಗೂ ಹೇಳೀದಿ. ನಿನಗ ಯಾರು ಹೇಳಬೇಕು? ಈಗ ನಾ ಹೇಳ್ತೇನಿ, ನೀ ಕೇಳು."

ನೀನು ಎದ್ದು ನಿಂತು ಓದಿದೆ. ಎಂಟನೇ ಇಯತ್ತೆಗೆ ಪಾಠ ಓದುವ ದನಿಯಲ್ಲಿ, ಒಂದೊಂದು ಶಬ್ದ ಬಿಡಿಸಿ, ಪೂರ್ಣವಿರಾಮಕ್ಕೆ ನಿಂತು ನಿಂತು ಓದಿದೆ. ಎದುರಿನ ಮನೆಯ ಮಕ್ತುಮಬಿ ಒಳಗೇನಾಯಿತೋ ಎಂದು ಓಡಿ ಬಂದು ಹೊಸ್ತಿಲಲ್ಲಿ ನಿಂತು, ಸೆರಗು ತಲೆಗೆ ಎಳೆದುಕೊಂಡು ಅಲ್ಲೇ ಕೂತಳು. ನಾನು ಸಾವಿರ ಸಲ ಓದಿದ ಮಾತು ಅದು. ಕೇಳಿದ್ದು ಆವತ್ತೇ ಮೊದಲು. ಓದುವವನಿಗೆ ಅದು ಕೆಲಸ ಶಂಕ್ರ್ಯಾ. ಎಲ್ಲಿ ನಿಲ್ಲಬೇಕು, ಯಾರು ಅಳುತ್ತಿದ್ದಾರೆ, ಮಣ್ಣು ಹಾಕಲು ಯಾರಿಗೆ ಸನ್ನೆ ಮಾಡಬೇಕು, ಇದರಲ್ಲೇ ಗಮನ. ಹಾಸಿಗೆಯಲ್ಲಿ ಬಿದ್ದವನ ಕಿವಿಗೆ ಅದು ಬಂದ ಬಗೆಯೇ ಬೇರೆ. ನನಗಾಗಿ ಬಂದಿತ್ತು.

ಓದಿ ಮುಗಿಸಿ ಪುಸ್ತಕ ಮಡಚಿ ನೀನು ಅಂದದ್ದನ್ನು ಪುಷ್ಪಾ ಬಂದ ಕೂಡಲೇ ಬರೆಸಿಟ್ಟಿದ್ದೇನೆ. "ಇದನ್ನ ನಾ ನಂಬ್ತೇನೋ ಇಲ್ಲೋ ನನಗ ಗೊತ್ತಿಲ್ಲ. ನೀ ನಂಬೀದಿ ಅನ್ನೂದನ್ನ ನಾ ನಂಬ್ತೇನಿ. ಸದ್ಯಕ್ಕ ಅಷ್ಟು ಸಾಕಿಲ್ಲೇನು?"

ಸಾಕು. ಬೇಕಾದದ್ದಕ್ಕಿಂತ ಹೆಚ್ಚು. ನಾನು ನಿನಗೆ ಕೊಡಬೇಕಾದ ಹೊತ್ತಿನಲ್ಲಿ ಕೊಡದೇ ಇದ್ದ ಮಾತನ್ನೇ ನೀನು ನಡೆದು ಬಂದು ನನ್ನ ಕೈಯಲ್ಲಿ ಇಟ್ಟೆ. ದೇವರು ನನಗೆ ಕೊಟ್ಟವುಗಳನ್ನು ನೆನೆಯುತ್ತಾ ಮಲಗಿರುತ್ತೇನೆ ಈಗ. ಮಧ್ಯಾಹ್ನ ಬೇಗ ಕಳೆಯುತ್ತದೆ. ಸುಗುಣಾ, ಪುಷ್ಪಾ, ಬ್ಯಾಡಗಿಯ ದಾರಿಯ ಬೇವಿನ ನೆರಳು, ನನ್ನ ಸೈಕಲ್ಲು, ನೀನು. ಹೆದರಿಕೆ ಹೋಗಿದೆ ಎಂದು ಬರೆಯುವುದಿಲ್ಲ. ಅದರ ಜೊತೆ ಕೂರಲು ಕಲಿತಿದ್ದೇನೆ.

ಇನ್ನು ಬರೆಯಲಾಗುವುದೋ ಇಲ್ಲವೋ. ನಿನಗೆ ಶಾಂತಿ ಇರಲಿ.

ಸಮಾಧಾನಿ


ರಾಣೆಬೆನ್ನೂರು
೧೪ ಡಿಸೆಂಬರ್ ೨೦೦೬

ಪೂಜ್ಯ ಕಾಕಾ ಅವರಿಗೆ,

ಪುಷ್ಪಲತಾಳ ನಮಸ್ಕಾರಗಳು. ಮಣ್ಣಿನ ದಿನ ನೀವು ಬಂದಿರಿ, ನನ್ನ ತಲೆಯ ಮೇಲೆ ಕೈ ಇಟ್ಟಿರಿ, ಜನರ ಗದ್ದಲದಲ್ಲಿ ಒಂದು ಮಾತೂ ಆಡಲಾಗಲಿಲ್ಲ. ಅಪ್ಪನ ಕೊನೆಯ ದಿನದ ಸುದ್ದಿ ನಿಮಗೆ ಸೇರಬೇಕಾದ್ದು. ಅದಕ್ಕೆ ಬರೆಯುತ್ತಿದ್ದೇನೆ.

ನವೆಂಬರ್ ನಡುವಿನಿಂದ ಪಿಸುಮಾತೂ ನಿಂತಿತು. ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟೆ. ಬೇಕಾದದ್ದನ್ನು ಅದರ ಮೇಲೆ ಬರೆಯುತ್ತಿದ್ದರು. ಕೊನೆಕೊನೆಗೆ ಬೇಕಾದದ್ದೇನೂ ಇರಲಿಲ್ಲ, ಹೆಸರುಗಳನ್ನು ಬರೆಯುತ್ತಿದ್ದರು. ಒಂದು ಹೆಸರು ಬರೆಯುವುದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇರುವುದು, ಒರೆಸುವುದು, ಇನ್ನೊಂದು ಬರೆಯುವುದು. ಏನ್ರಿ ಇದು ಎಂದು ಕೇಳಿದರೆ ಉಪಕಾರ ಸ್ಮರಣೆ ಎಂದು ಬರೆದರು. ನನಗೆ ಗೊತ್ತಿಲ್ಲದ ಎಷ್ಟೋ ಹೆಸರು. ಅವರಿಗೆ ಚಿಕ್ಕಂದಿನಲ್ಲಿ ಈಜು ಕಲಿಸಿದವರು, ಬ್ಯಾಡಗಿಯಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದವರು. ನಮ್ಮ ಕಾಕಿ ನೀಲಗಂಗವ್ವನ ಹೆಸರು ಎರಡು ಸಲ ಬಂತು.

ಡಿಸೆಂಬರ್ ಮೂರು, ಭಾನುವಾರ. ಬೆಳಿಗ್ಗೆ ಚರ್ಚಿನ ಮೊದಲ ಗಂಟೆ ಆಯಿತು. ನಾನು ಮುಖ ಒರೆಸುತ್ತಿದ್ದೆ. ಉಸಿರು ಬೇರೆ ಥರ ಬರುತ್ತಿತ್ತು. ನನಗೇ ತಡೆಯದೆ, "ಅಪ್ಪಾ, ಅಂಜಿಕಿ ಆಗಾಕತ್ತೈತೇನ್ರಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಸ್ಲೇಟಿಗೆ ಕೈ ಚಾಚಿದರು. ನಾನು ಹಿಡಿದುಕೊಂಡೆ. ಬಹಳ ಹೊತ್ತು ತೆಗೆದುಕೊಂಡು ಬರೆದರು:

"ಐತಿ. ನಿನ್ನ ಮದುವಿ ದಿನ ನೀ ಅಂಜಿದ್ದಿ ನೋಡು, ಹಂಗ."

ಕಾಕಾ, ನನ್ನ ಮದುವೆಯ ದಿನ ನಾನು ಎಷ್ಟು ಅತ್ತಿದ್ದೆನೆಂದು ನಿಮಗೂ ಗೊತ್ತು. ನೀವೂ ಕಾಕಿಯೂ ಅಲ್ಲೇ ಇದ್ದಿರಿ. ಆದರೆ ಆವತ್ತು ಯಾರಾದರೂ ಬಂದು ಹೋಗಬೇಡ, ಇಲ್ಲೇ ಇರು ಎಂದಿದ್ದರೆ ನಾನು ನಿಲ್ಲುತ್ತಿದ್ದೆನೇ? ಅದನ್ನು ಓದಿ ನನಗೆ ಅಳು ಬರಬೇಕಾದಲ್ಲಿ ನಗು ಬಂತು. ಅವರೂ ನಕ್ಕರು. ಎರಡನೇ ಗಂಟೆ ಆಗುವಷ್ಟರಲ್ಲಿ ಹೋಗಿದ್ದರು. ಸ್ಲೇಟು ಒರೆಸುವ ಕೆಲಸ ಮಾತ್ರ ನನ್ನಿಂದ ಈವರೆಗೆ ಆಗಿಲ್ಲ.

ಮನೆಯಲ್ಲಿ ಮಧ್ಯಾಹ್ನಗಳು ಖಾಲಿ. ಅತ್ತರೂ ಎದೆ ಭಾರವಿಲ್ಲ. ಅವರೊಬ್ಬರನ್ನೇ ಬಿಡಲಿಲ್ಲವಲ್ಲ ನೀವು, ಅದಕ್ಕಿರಬೇಕು.

ಇಂತಿ ನಿಮ್ಮ ಮಗಳು,
ಪುಷ್ಪಲತಾ


ಹೊಸರಿತ್ತಿ
೨೭ ಡಿಸೆಂಬರ್ ೨೦೦೬

ಮಗಳ ಪುಷ್ಪಾ,

ನಿನ್ನ ಕಾಗದ ಬಂದ ದಿನ ಊಟ ಬಿಟ್ಟು ಓದಿದೆ. ಸೊಸೆ ಬೈದಳು. ಅವಳಿಗೂ ಓದಿ ಹೇಳಿದೆ, ಅವಳೂ ಊಟ ಬಿಟ್ಟಳು.

ನಿಮ್ಮ ಹಬ್ಬಕ್ಕೆ ಬರಬೇಕೆಂದಿದ್ದೆ. ಮೊಣಕಾಲು ಬಿಡಲಿಲ್ಲ. ಈ ವರ್ಷ ನಿನಗೂ ಹಬ್ಬ ಹಬ್ಬದಂತೆ ಇದ್ದಿರಲಿಕ್ಕಿಲ್ಲ. ಆದರೂ ದೀಪ ಹಚ್ಚಿದ್ದೀ ಎಂದುಕೊಳ್ಳುತ್ತೇನೆ. ಹಚ್ಚದಿದ್ದರೆ ನಿನ್ನಪ್ಪ ಕೇಳುತ್ತಿದ್ದ.

ಜನ ಮಾತಾಡಿಸಲು ಬರುತ್ತಾರೆ. ಪಾದ್ರಿ ಗೆಳೆಯ ಹೋದನಂತೆ, ಬೇಸರ ಮಾಡಿಕೊಳ್ಳಬೇಡಿ ಎನ್ನುತ್ತಾರೆ. ಬೇಸರ ಇದೆ. ಆದರೆ ಆರು ತಿಂಗಳು ನನಗೆ ದಾನವಾಗಿ ಬಂತು, ಮಗಳ. ಹನ್ನೆರಡು ವರ್ಷ ಹಾಳು ಮಾಡಿದವರಿಗೆ ಯಾರೂ ಕೊಡುವುದಿಲ್ಲ ಅಷ್ಟು. ಅವನು ಬರೆಯದೇ ಹೋಗಿದ್ದರೆ, ಅವನ ಸಾವಿನ ಸುದ್ದಿಯನ್ನು ನಾನು ಪೇಪರಿನಲ್ಲಿ ಓದಿ ಮಡಚಿ ಇಡುತ್ತಿದ್ದೆ. ಆ ಪಾಪದಿಂದ ನನ್ನನ್ನು ಉಳಿಸಿ ಹೋದ.

ಈಗ ನನ್ನದೊಂದು ಕೇಳಿಕೆ. ನನಗೆ ಎಪ್ಪತ್ತಾರು. ನನ್ನ ಹೊತ್ತು ಬಂದಾಗ ಮಕ್ಕಳು ನನ್ನನ್ನು ನೀಲಾನ ಪಕ್ಕದಲ್ಲೇ ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಕೊಡುತ್ತಾರೆ. ಸ್ವಾಮಿಗಳು ಬರುತ್ತಾರೆ, ಅವರ ಮಂತ್ರ ಅವರು ಹೇಳುತ್ತಾರೆ, ಅದು ಆಗಬೇಕಾದ್ದೇ. ಅದೆಲ್ಲ ಮುಗಿದ ಮೇಲೆ, ಮತ್ತೆ ನೋಡುತ್ತೇವೆ ಎಂಬ ಮಾತನ್ನು ನೀನು ಗಟ್ಟಿಯಾಗಿ ಹೇಳಬೇಕು. ನಾನು ಪೂರ್ತಿ ನಂಬಿದೆನೋ ಇಲ್ಲವೋ ಎಂದು ಆವತ್ತು ಯಾರೂ ಕೇಳುವುದಿಲ್ಲ. ನಾನು ಕೇಳುತ್ತಾ ಕೂತಿರುತ್ತೇನೆ. ಹಿರಿಯ ಮಗನನ್ನು ಕರೆದು ಹೇಳಿಟ್ಟಿದ್ದೇನೆ. ಮೊದಲು ಮುಖ ಗಂಟು ಹಾಕಿದ. ನಿನ್ನಪ್ಪನ ಜುಲೈ ತಿಂಗಳ ಕಾಗದ ಓದಲು ಕೊಟ್ಟೆ. ಓದಿ, "ಆ ಅಕ್ಕನ್ನ ನಾನ ಹೋಗಿ ಕರ್ಕೊಂಡು ಬರ್ತೇನಿ, ಬಿಡ್ರಿ ಅಪ್ಪಾ" ಎಂದ.

ಅವನು ಗಡಿಬಿಡಿಯಲ್ಲಿ ಮರೆತರೂ ಮರೆತಾನು. ಸುದ್ದಿ ಮುಟ್ಟಿದ ಕೂಡಲೇ ನೀನೇ ಬಾ. ಹಾವೇರಿಯಿಂದ ನಮ್ಮೂರಿಗೆ ತಾಸಿಗೊಂದು ಬಸ್ಸು ಇದೆ. ಹತ್ತು ಗಂಟೆಯದನ್ನು ಹಿಡಿದರೆ ಮಣ್ಣು ಮಾಡುವ ಹೊತ್ತಿಗೆ ಮುಟ್ಟುತ್ತೀ. ಹಿಂದೆ ನಿಲ್ಲಬೇಡ, ಮುಂದೆ ಬಾ. ನನ್ನ ಕಿವಿ ಮೊದಲೇ ಮಂದ.

ನಿನ್ನ ಕಾಕಾ,
ಶಂಕ್ರಪ್ಪ